ಕರುಳಿನ ಕ್ಯಾನ್ಸರಿಗೂ ಲಿಗ್ನೊಕೇನ್ ಪ್ರಯೋಗ ನಡೆಯಲಿ: ಸಂಸದರಿಗೆ ಬಹಿರಂಗ ಪತ್ರ

ದಕ್ಷಿಣ ಮುಂಬೈನ ಮಾನ್ಯ ಸಂಸದರಿಗೆ,

ನಮಸ್ಕಾರ. ನಾನು ಪರೇಲ್‌ನಲ್ಲಿ ಔಷಧಿ ಅಂಗಡಿ ಇಟ್ಟವನು, ನಿಮ್ಮ ಮತದಾರ. ಇದರ ಮರಾಠಿ ಪ್ರತಿ ನಿಮ್ಮ ಕಚೇರಿಗೆ ತಲುಪಿದೆ. ಕನ್ನಡದಲ್ಲೂ ಬರೆದದ್ದಕ್ಕೆ ಕಾರಣವಿದೆ: ಇಲ್ಲೇ ಇರುವ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಚೀಟಿ ಹಿಡಿದು ನನ್ನ ಅಂಗಡಿಗೆ ಬರುವವರಲ್ಲಿ ವಿಜಯಪುರ, ಕಲಬುರಗಿಯವರೂ ಇರುತ್ತಾರೆ. ಅವರ ಸಂಸದರೂ ಓದಲಿ.

ದೊಡ್ಡ ಕರುಳಿನ ಕ್ಯಾನ್ಸರಿಗೆ ಅಯಾನ್ ಚಾನೆಲ್ ತಡೆಯುವ ಔಷಧಿಗಳ ಪ್ರಯೋಗಕ್ಕೆ ಸರ್ಕಾರ ಹಣ ಕೊಡುತ್ತದೆಯೇ? ಲೋಕಸಭೆಯಲ್ಲಿ ನೀವು ಇದನ್ನು ಕೇಳಬೇಕು.

ಜೀವಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಹೋಗಿಬರುವ ಬಾಗಿಲುಗಳೇ ಅಯಾನ್ ಚಾನೆಲ್. ಹೃದಯದ ಬಡಿತಕ್ಕೆ ಬೇಕಾದ ಎನ್‌ಎವಿ 1.5 ಎಂಬ ಸೋಡಿಯಂ ಚಾನೆಲ್ ಕರುಳಿನ ಕ್ಯಾನ್ಸರ್ ಕೋಶಗಳಲ್ಲೂ ಸಿಕ್ಕಿದೆ. ಎದೆನೋವಿನ ಹಳೆಯ ಮಾತ್ರೆ ರಾನೊಲಜೀನ್‌ನಿಂದ ಅದನ್ನು ತಡೆದಾಗ, ಆ ಕೋಶಗಳು ಅಕ್ಕಪಕ್ಕಕ್ಕೆ ನುಗ್ಗುವುದು ಪ್ರಯೋಗಾಲಯದಲ್ಲಿ ತಗ್ಗಿದೆ. ಈ ಕಾಯಿಲೆ ಯಕೃತ್ತಿಗೆ ಹರಡಿದ ಮೇಲೆ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಪರೇಲ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ.

ಮನುಷ್ಯರ ಮೇಲಿನ ಪುರಾವೆಯೂ ನಮ್ಮ ಬೀದಿಯಿಂದಲೇ ಬಂದಿದೆ. ಟಾಟಾದ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ದೇಶದ 11 ಕೇಂದ್ರಗಳಲ್ಲಿ ಸ್ತನ ಕ್ಯಾನ್ಸರಿನ ಸುಮಾರು 1,600 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ನಿಗೆ ಕೆಲವೇ ನಿಮಿಷ ಮುಂಚೆ ಗಡ್ಡೆಯ ಸುತ್ತ ಲಿಗ್ನೊಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಒಸಡು ಮರಗಟ್ಟಿಸುವ ಅದೇ ಮದ್ದು. ಸೋಡಿಯಂ ಚಾನೆಲ್ ಮುಚ್ಚುವುದೇ ಅದರ ಕೆಲಸ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಐದು ವರ್ಷದ ಬಳಿಕ ಬದುಕುಳಿದವರು ಆ ಗುಂಪಿನಲ್ಲಿ ಶೇ 90.1, ಇನ್ನೊಂದರಲ್ಲಿ ಶೇ 86.4. ಸ್ತನದಲ್ಲಿ ಫಲಿಸಿದ್ದು ಕರುಳಿನಲ್ಲೂ ಫಲಿಸುತ್ತದೆಂದು ನಾನು ಹೇಳಲಾರೆ. ಹೇಳಲು ಪ್ರಯೋಗವೇ ಆಗಬೇಕು.

ಕಂಪನಿಗಳು ಮಾಡಲಿ ಎಂದೀರಿ. ಮಾಡುವುದಿಲ್ಲ, ಸ್ವಾಮಿ. ಲಿಗ್ನೊಕೇನ್ ವಯಲ್‌ನಲ್ಲಿ ಲಾಭ ಎಷ್ಟು ಕಡಿಮೆಯೆಂದು ಮಾರುವವನಿಗೆ ಗೊತ್ತು.

ಇನ್ನು ಚಾನೆಲ್ ತಡೆಯುವ ಹೊಸ ಔಷಧಿಯನ್ನೇ ರೂಪಿಸುವ ದಾರಿ ಉದ್ದ, ಹೃದಯಕ್ಕೆ ಅಪಾಯವೂ ಇದೆ. ಹೊಟ್ಟೆಗೆಂದು ಕೊಡುತ್ತಿದ್ದ ಸಿಸಪ್ರೈಡ್ ಹೃದಯದ ಪೊಟ್ಯಾಸಿಯಂ ಚಾನೆಲ್ ತಡೆದು ಬಡಿತ ಕೆಡಿಸುತ್ತಿತ್ತು. ನಮ್ಮಲ್ಲಿ ನಿಷೇಧವಾದದ್ದು 2011ರಲ್ಲಿ. ಆದರೆ ಕರುಳಿನ ಕ್ಯಾನ್ಸರ್ ಕೋಶದಲ್ಲಿ ಎನ್‌ಎವಿ 1.5ರ ಶಿಶು ರೂಪ, ಅಂದರೆ ಹುಟ್ಟಿನ ಆಸುಪಾಸಿನಲ್ಲಿ ಇರುವ ರೂಪ, ಕಂಡಿದೆ. ದೊಡ್ಡವರ ಹೃದಯದಲ್ಲಿರುವ ರೂಪಕ್ಕೂ ಅದಕ್ಕೂ ಕೆಲವೇ ಅಮೈನೋ ಆಮ್ಲಗಳ (ಪ್ರೋಟೀನ್ ಕಟ್ಟುವ ತುಣುಕುಗಳ) ವ್ಯತ್ಯಾಸ. ಹೃದಯದ್ದನ್ನು ಬಿಟ್ಟು ಆ ಶಿಶು ರೂಪವನ್ನಷ್ಟೇ ತಡೆಯುವ ಅಣುವನ್ನು ರೂಪಿಸುವುದು ಪುಣೆ, ಮುಂಬೈನ ಸರ್ಕಾರಿ ಪ್ರಯೋಗಾಲಯಗಳಿಗೆ ತಕ್ಕ ಕೆಲಸವೆಂದು ನನ್ನೆಣಿಕೆ.

ಟಾಟಾ ಆಸ್ಪತ್ರೆ ಅಣುಶಕ್ತಿ ಇಲಾಖೆಯ ಕೈಕೆಳಗಿದೆ, ಆ ಇಲಾಖೆ ಪ್ರಧಾನಿಯವರದು. ಪ್ರಶ್ನೆಯನ್ನು ಅಲ್ಲಿಗೇ ಹಾಕಿ. ಚುಕ್ಕೆ ಗುರುತಿನದಾದರೆ ಉತ್ತರವನ್ನು ಸದನದಲ್ಲೇ ಹೇಳಬೇಕಾಗುತ್ತದೆ, ನೀವು ಉಪಪ್ರಶ್ನೆಯನ್ನೂ ಕೇಳಬಹುದು.

ಇತಿ,
ಪರೇಲ್‌ನ ಒಬ್ಬ ಔಷಧಿ ವ್ಯಾಪಾರಿ