ಕೇಕಿನ ಪಾಕವಿಧಾನದ ಕೆಳಗೆ ಒಂದು ಸಾಲಿಗೆ ಜಾಗವಿರಲಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಮಾಡಬಹುದಾದ ಹುಟ್ಟುಹಬ್ಬದ ಕೇಕುಗಳ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ಅಳತೆಗಳು ಸರಿಯಾಗಿವೆ, ವಿವರಣೆ ಹೊಸದಾಗಿ ಕಲಿಯುವವರಿಗೂ ತಿಳಿಯುವಂತಿದೆ. ನನ್ನ ತಕರಾರು ಇರುವುದು ಅದರ ಜೊತೆಗಿದ್ದ ಚಿತ್ರದ ಬಗ್ಗೆ. ಕಾಗದದ ಟೋಪಿ ತೊಟ್ಟ ಮಗುವಿನ ಪಕ್ಕದಲ್ಲಿ ನಾಯಿಮರಿಯೊಂದು ಚಾಕೊಲೇಟ್ ಕೇಕಿನಲ್ಲಿ ಮೂಗು ಅದ್ದಿಕೊಂಡು ನಿಂತಿದೆ. ಮುದ್ದು ಬರುವ ಚಿತ್ರವೇ. ಎರಡು ತಿಂಗಳ ಹಿಂದಾಗಿದ್ದರೆ ನಾನೂ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುತ್ತಿದ್ದೆ.

ನಮ್ಮ ಮನೆಯಲ್ಲಿ ಗುಂಡ ಎಂಬ ಹತ್ತು ಕಿಲೋ ತೂಕದ ನಾಯಿಯಿದೆ. ಅವನ ತಂಟೆಗಳನ್ನು ಬರೆಯಹೊರಟರೆ ತಮ್ಮ ಪುಟ ಸಾಲದು. ಎಷ್ಟು ಜೋಡಿ ಚಪ್ಪಲಿಯಿದ್ದರೂ ಎಡಗಾಲಿನದನ್ನೇ ಹುಡುಕಿ ಕಚ್ಚುತ್ತಾನೆ. ಒಗೆದು ಒಣಹಾಕಿದ ಬಟ್ಟೆಯನ್ನು ಎಳೆದು ಅದರ ಮೇಲೆಯೇ ಮಲಗುತ್ತಾನೆ. ಮಿಕ್ಸಿಯ ಸದ್ದು ಕೇಳಿದರೆ ಎಂಥ ನಿದ್ದೆಯಿಂದಲೂ ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಾನೆ. ಅವನು ಬೊಗಳುತ್ತಿರುವಷ್ಟು ಹೊತ್ತು ನಮಗೆ ಚಿಂತೆಯಿಲ್ಲ. ಸದ್ದಡಗಿದರೆ ಯಾರಾದರೂ ಎದ್ದು ಹೋಗಿ ನೋಡಬೇಕು.

ಮಗಳ ಹುಟ್ಟುಹಬ್ಬದ ಹಿಂದಿನ ಸಂಜೆ ಹಾಗೆ ಎದ್ದು ಹೋಗಿ ನೋಡುವವರು ಯಾರೂ ಇರಲಿಲ್ಲ. ನೂರು ಗ್ರಾಂ ಡಾರ್ಕ್ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಕರಗಿಸಲೆಂದು ತಟ್ಟೆಯಲ್ಲಿಟ್ಟು, ಫೋನು ಬಂತೆಂದು ಹೊರಗೆ ಹೋದೆ. ಮರಳಿ ಬರುವಷ್ಟರಲ್ಲಿ ತಟ್ಟೆ ನೆಲದ ಮೇಲಿತ್ತು; ತೊಳೆದು ಒರೆಸಿಟ್ಟಷ್ಟು ಶುಭ್ರವಾಗಿತ್ತು. ಗುಂಡನ ಮೀಸೆಯ ತುದಿಯಲ್ಲಿ ಮಾತ್ರ ಒಂದು ಕಂದು ಚೂರು ಉಳಿದಿತ್ತು. ಎಲ್ಲರೂ ನಕ್ಕರು. "ಹೋಗಲಿ ಬಿಡು, ಹಬ್ಬದ ಪಾಲು ಅವನಿಗೊಂದು ದಿನ ಮುಂಚೆ ಸಿಕ್ಕಿತು" ಎಂದು ನಮ್ಮ ಅತ್ತೆಯವರು ಸಮಾಧಾನ ಹೇಳಿದರು. ನಾನೂ ನಕ್ಕೆನೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ಪಶುವೈದ್ಯರಿಗೆ ಫೋನು ಮಾಡಿದ್ದು ಮಗಳು, ಅದೂ ನಾಳೆಯ ಕೇಕನ್ನು ಅವನಿಗೆ ಕೊಡಬಹುದೋ ಬೇಡವೋ ಎಂದು ಕೇಳುವುದಕ್ಕೆ.

ವೈದ್ಯರು ಕೇಳಿದ್ದು ಮೂರೇ ಪ್ರಶ್ನೆ: ನಾಯಿಯ ತೂಕವೆಷ್ಟು, ತಿಂದದ್ದು ಯಾವ ಚಾಕೊಲೇಟು ಮತ್ತು ಎಷ್ಟು, ತಿಂದು ಎಷ್ಟು ಹೊತ್ತಾಯಿತು. ಮೊಟ್ಟೆಯ ಚಿಪ್ಪುಗಳ ನಡುವೆ ಕಸದ ಬುಟ್ಟಿಯಲ್ಲಿ ಮುದುಡಿ ಬಿದ್ದಿದ್ದ ಹೊದಿಕೆಯನ್ನು ಹೆಕ್ಕಿ, ಬಿಡಿಸಿ, ಓದಿ ಹೇಳಿದೆ. ಕೂಡಲೇ ಕರೆತರುವಂತೆ ಸೂಚಿಸಿದರು. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ಎಂಬ ವಸ್ತುವನ್ನು ನಮ್ಮ ದೇಹ ಬೇಗ ಅರಗಿಸಿಕೊಳ್ಳುತ್ತದೆ. ನಾಯಿಯ ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 17 ಗಂಟೆ ಬೇಕು. ದೇಹತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಆದರೆ ವಾಂತಿ, ಭೇದಿ, ಚಡಪಡಿಕೆ ಶುರುವಾಗಬಹುದು, 40ರಿಂದ 50 ಆದರೆ ಹೃದಯದ ಬಡಿತ ಹದ ತಪ್ಪಬಹುದು, 60 ದಾಟಿದರೆ ಸೆಳವು ಬರಬಹುದು. ಡಾರ್ಕ್ ಚಾಕೊಲೇಟಿನ ಒಂದು ಗ್ರಾಮಿನಲ್ಲಿ ಇದು ಸುಮಾರು 5 ಮಿಲಿಗ್ರಾಂ ಇರುತ್ತದೆ. ನೂರು ಗ್ರಾಂ ತಿಂದ ಹತ್ತು ಕಿಲೋ ನಾಯಿಯ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆಂಬುದನ್ನು ದಾರಿಯಲ್ಲಿ ಮಗಳೇ ಬಾಯಿಲೆಕ್ಕ ಹಾಕಿ ಹೇಳಿದಳು. ಆಮೇಲೆ ಯಾರೂ ನಗಲಿಲ್ಲ.

ತಿಂದು ಒಂದು ಗಂಟೆಯೊಳಗೆ ತಲುಪಿದ್ದರಿಂದ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿ, ಇದ್ದಿಲಿನ ಔಷಧಿ ಕುಡಿಸಿ, ರಾತ್ರಿಯಿಡೀ ಅಲ್ಲೇ ಇರಿಸಿಕೊಂಡು ಬೆಳಿಗ್ಗೆ ಕಳುಹಿಸಿದರು. ಎದೆಬಡಿತ ಏರುವುದು, ನಡುಗುವುದು ಮುಂತಾದ ತೀವ್ರ ಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಹಿಡಿಯುವುದರಿಂದ, ಆಡಿಕೊಂಡೇ ಇದ್ದಾನಲ್ಲ ಎಂದು ನಾವು ಮಲಗಿಬಿಟ್ಟಿದ್ದರೆ ನಡುರಾತ್ರಿಯಲ್ಲಿ ಏಳಬೇಕಾಗುತ್ತಿತ್ತು. ಹೊರಡುವ ಗಡಿಬಿಡಿಯಲ್ಲಿ ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ಕಕ್ಕಿಸಿರೆಂದು ಒತ್ತಾಯಿಸಿದ್ದರು. ಹೆಚ್ಚಿನ ಉಪ್ಪೇ ನಾಯಿಗೆ ವಿಷವಾಗುತ್ತದೆಂದು ವೈದ್ಯರಿಂದ ತಿಳಿದಾಗ, ಕುಡಿಸಲು ಪುರುಸೊತ್ತು ಸಿಗದೇ ಹೋದದ್ದೇ ಪುಣ್ಯವೆನಿಸಿತು.

ಹುಟ್ಟುಹಬ್ಬದ ಅಡುಗೆಯಲ್ಲಿ ಅಪಾಯವಿರುವುದು ಚಾಕೊಲೇಟಿನಲ್ಲಷ್ಟೇ ಅಲ್ಲ. ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬಹುದೆಂದು 2021ರಲ್ಲಿ ಪಶುವೈದ್ಯರು ಮುಂದಿಟ್ಟ ವಿವರಣೆಯ ಪ್ರಕಾರ, ಮೊಟ್ಟೆಯ ಬಿಳಿ ನೊರೆ ಇಳಿಯದಂತೆ ಬೆರೆಸುವ ಕ್ರೀಮ್ ಆಫ್ ಟಾರ್ಟರ್ ಡಬ್ಬಿಯೂ ನಾಯಿಗೆ ಎಟುಕುವಂತಿರಬಾರದು. ಈರುಳ್ಳಿ, ಬೆಳ್ಳುಳ್ಳಿಗಳು ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ, ಬೆಕ್ಕುಗಳಿಗಂತೂ ಇನ್ನೂ ಹೆಚ್ಚು ಅಪಾಯ. ನನಗೆ ಎಲ್ಲಕ್ಕಿಂತ ದಿಗಿಲು ಹುಟ್ಟಿಸಿದ್ದು ಕ್ಸೈಲಿಟಾಲ್. ಸಕ್ಕರೆಯ ಬದಲಿಗೆ ಬಳಸುವ ಈ ಸಿಹಿಪುಡಿ ಮನುಷ್ಯರ ರಕ್ತದ ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲವೆಂದು ಮೆಚ್ಚುಗೆ ಪಡೆದಿದೆ. ನಾಯಿಯ ದೇಹದಲ್ಲಾದರೋ ಇದು ಇನ್ಸುಲಿನ್ನನ್ನು ಒಮ್ಮೆಲೇ ಹರಿಸಿ, ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡಬಲ್ಲದು. ಸಕ್ಕರೆರಹಿತ ಕೇಕು ಆರೋಗ್ಯಕರವೆಂದು ನಾಯಿಗೂ ಒಂದು ತುಂಡು ಹಾಕುವವರು ಇದನ್ನು ತಿಳಿದಿರಬೇಕು.

ಹಿಂದೆಲ್ಲ ನಾಯಿಗಳು ಮನೆಯವರು ಉಂಡದ್ದನ್ನೇ ಉಂಡು ಬದುಕಲಿಲ್ಲವೇ ಎಂಬ ಮಾತನ್ನು ಈ ಎರಡು ತಿಂಗಳಲ್ಲಿ ಹಲವರಿಂದ ಕೇಳಿದ್ದೇನೆ. ಬದುಕಿದವು ನಮ್ಮ ನೆನಪಿನಲ್ಲಿವೆ. ಒಂದು ಬೆಳಿಗ್ಗೆ ಸುಮ್ಮನೆ ಏಳದೇ ಹೋದವು ಏನು ತಿಂದಿದ್ದವೆಂದು ಯಾರೂ ಬರೆದಿಟ್ಟಿಲ್ಲ.

ಪಾಕವಿಧಾನ ಬರೆಯುವವರು ಓವನ್ನಿನ ಬಿಸಿ ಎಷ್ಟಿರಬೇಕು, ತಟ್ಟೆಯನ್ನು ಬರಿಗೈಯಲ್ಲಿ ಏಕೆ ಮುಟ್ಟಬಾರದು ಎಂದೆಲ್ಲ ತಪ್ಪದೆ ತಿಳಿಸುತ್ತಾರೆ. ಅದೇ ಚೌಕಟ್ಟಿನ ಕೆಳಗೆ "ಇದರಲ್ಲಿರುವ ಚಾಕೊಲೇಟ್ ಮತ್ತು ಒಣದ್ರಾಕ್ಷಿ ಸಾಕುಪ್ರಾಣಿಗಳಿಗೆ ವಿಷ, ತಿಂದರೆ ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರನ್ನು ಕಾಣಿರಿ" ಎಂಬ ಒಂದು ಸಾಲು ಸೇರಿಸಿದರೆ ಪುಟದ ಅಂದವೇನೂ ಕೆಡದು. ನಾಯಿಯ ಮೂತಿಗೆ ಕೇಕು ಮೆತ್ತಿದ ಚಿತ್ರಗಳನ್ನಂತೂ ಕೈಬಿಡಬೇಕೆಂದು ವಿನಂತಿಸುತ್ತೇನೆ. ತಮ್ಮ ಮುಂದಿನ ಅಡುಗೆ ವಿಶೇಷ ಸಂಚಿಕೆಯಲ್ಲೇ ಇದು ಜಾರಿಗೆ ಬಂದರೆ ಉಪಕಾರವಾದೀತು.

ಇಂತಿ,
ತಮ್ಮ ಓದುಗರಲ್ಲೊಬ್ಬಳು