ಧಾರಾವಾಹಿಯವರು ನುಂಗಿದ ಮೂರು ಗಂಟೆ

ಮಾನ್ಯ ಸಂಪಾದಕರೇ,

ನೌಕಾಪಡೆಯ ಅಧಿಕಾರಿ ನಾನಾವತಿ 1959ರಲ್ಲಿ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ, ಮುಂಬಯಿಯ ಆ ಹೆಸರಾಂತ ಮೊಕದ್ದಮೆಯ ಎಳೆ ಹಿಡಿದು ಹೆಣೆಯುವ ಕೋರ್ಟ್ ಧಾರಾವಾಹಿಗಳಲ್ಲಿ ಆ ಕಾಲದ ಕಾರು, ಸೂಟು, ನೌಕಾಪಡೆಯ ಬಿಳಿ ಸಮವಸ್ತ್ರ ಎಲ್ಲ ಸರಿಯಾಗಿಯೇ ಇರುತ್ತವೆ. ಎಡವುವುದು ಕಾನೂನಿನಲ್ಲಿ.

ಸಿಟ್ಟಿನ ಭರದಲ್ಲಿ ಗುಂಡು ಹಾರಿಸಿದ, ಜ್ಯೂರಿ (ತೀರ್ಪು ಹೇಳಲು ಕೂರಿಸುತ್ತಿದ್ದ ಸಾಮಾನ್ಯ ನಾಗರಿಕರ ತಂಡ) ನಿರ್ದೋಷಿ ಎಂದಿತು ಎಂದು ತೋರಿಸುತ್ತಾರೆ. ಆದರೆ ಆರೋಪಿ ಪರ ವಕೀಲರ ಮುಖ್ಯ ವಾದ ಸಿಟ್ಟಿನದಲ್ಲ. ರಿವಾಲ್ವರಿಗಾಗಿ ನಡೆದ ಎಳೆದಾಟದಲ್ಲಿ ಅಕಸ್ಮಾತ್ತಾಗಿ ಗುಂಡು ಹಾರಿತು ಎಂಬುದು. ಹಾಗೆಂದ ಮೇಲೆ ಅದನ್ನು ತೋರಿಸಿಕೊಡುವ ಹೊಣೆ, ಆಗಿನ ಸಾಕ್ಷ್ಯ ಕಾಯ್ದೆಯ 105ನೇ ಕಲಂ ಪ್ರಕಾರ, ಆರೋಪಿಯದೇ. ಸೆಷನ್ಸ್ ನ್ಯಾಯಾಧೀಶರು ಇದನ್ನು ಜ್ಯೂರಿಗೆ ಬಿಡಿಸಿ ಹೇಳಲಿಲ್ಲ. ಸರ್ಕಾರಿ ವಕೀಲರ ಕೈಲಿದ್ದ ಗಟ್ಟಿ ಅಂಶವೆಂದರೆ ಟವೆಲ್. ಆಗತಾನೇ ಸ್ನಾನ ಮುಗಿಸಿದ್ದ ಅಹುಜಾ ಸೊಂಟಕ್ಕೆ ಸುತ್ತಿಕೊಂಡಿದ್ದ ಟವೆಲ್ ಮೂರು ಗುಂಡು ಬಿದ್ದ ಮೇಲೂ ಸಡಿಲವಾಗಿರಲಿಲ್ಲ. ಎಳೆದಾಟ ನಡೆದಿದ್ದರೆ ಅದು ಉಳಿಯುತ್ತಿತ್ತೇ?

ಜ್ಯೂರಿಯ 8–1 ತೀರ್ಪಿಗೆ ಕಥೆ ಮುಗಿಯುವುದೂ ಇಲ್ಲ. ನ್ಯಾಯಾಧೀಶರು ಒಪ್ಪದೆ, 1898ರ ದಂಡ ಪ್ರಕ್ರಿಯಾ ಸಂಹಿತೆಯ 307ನೇ ಕಲಮಿನಡಿ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು 1960ರ ಮಾರ್ಚ್ 11ರಂದು ಜೀವಾವಧಿ ಶಿಕ್ಷೆ ಕೊಟ್ಟಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಪರ್ಯಾಯವಾಗಿ ಮುಂದಿಟ್ಟಿದ್ದ ಸಿಟ್ಟಿನ ವಾದ ಅಲ್ಲಿ ಬಿದ್ದದ್ದು ಗಡಿಯಾರದ ಲೆಕ್ಕಕ್ಕೆ. ಮಧ್ಯಾಹ್ನ 1.30ಕ್ಕೆ ಮನೆ ಬಿಟ್ಟದ್ದು, 4.20ಕ್ಕೆ ಕೊಲೆ. ನಡುವೆ ಹೆಂಡತಿ ಮಕ್ಕಳನ್ನು ಸಿನಿಮಾ ಮಂದಿರದಲ್ಲಿ ಇಳಿಸಿ, ಹಡಗಿಗೆ ಹೋಗಿ (ಅದರ ಹೆಸರು ‘ಮೈಸೂರು’!), ರಾತ್ರಿ ಒಬ್ಬನೇ ಅಹ್ಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕು ಎಂಬ ನೆಪ ಹೇಳಿ ರಿವಾಲ್ವರ್, ಆರು ಗುಂಡು ಪಡೆದು, ಅಲ್ಲೇ ಒಂದಿಷ್ಟು ಕಚೇರಿ ಕೆಲಸವನ್ನೂ ಮುಗಿಸಿ, ಮೊದಲು ಅಹುಜಾ ಕಚೇರಿಗೆ, ಆಮೇಲೆ ಫ್ಲಾಟಿಗೆ. ಕೊಲೆಯ ಆರೋಪವನ್ನು ಹಗುರಗೊಳಿಸುವ ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ಯಲ್ಲಿ ‘ಹಠಾತ್’ ಎಂಬ ಮಾತು ಇಷ್ಟು ಹೊತ್ತು ತಾಳುವುದಿಲ್ಲ. ಧಾರಾವಾಹಿಯಲ್ಲಿ ಇದೆಲ್ಲ ಒಂದು ಹಾಡಿನಲ್ಲಿ ಕಳೆದುಹೋಗುತ್ತದೆ.

ಈ ತೀರ್ಪಿನ ಮರುದಿನವೇ ಜ್ಯೂರಿ ರದ್ದಾಯಿತು ಎಂಬುದೂ ಸರಿಯಲ್ಲ. ಕ್ರಿಮಿನಲ್ ಕಾನೂನಿನಿಂದ ಅದು ಪೂರ್ತಿ ಹೊರಬಿದ್ದದ್ದು 1973ರ ಸಂಹಿತೆಯಿಂದ. ಪಾರ್ಸಿ ವಿವಾಹ ಪ್ರಕರಣಗಳ ಕಾನೂನಿನಲ್ಲಿ ಅದರ ನೆರಳು ಈಗಲೂ ಇದೆ.

ಇನ್ನು ಗೀತೆ ಮುಟ್ಟಿ ಆಣೆ ಮಾಡಿಸುವುದು: 1969ರ ಪ್ರಮಾಣ ಕಾಯ್ದೆಯ ನಮೂನೆಯಲ್ಲಿ ಯಾವ ಗ್ರಂಥವೂ ಇಲ್ಲ. ಸುತ್ತಿಗೆಯನ್ನಂತೂ ದಯವಿಟ್ಟು ಬಡಗಿಗೇ ವಾಪಸು ಕೊಡಿ. ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಅದು ಇರುವುದಿಲ್ಲ.

– ಇಬ್ಬರು ಕನ್ನಡಿಗ ವಕೀಲರು, ಫೋರ್ಟ್, ಮುಂಬಯಿ