ಮೂರು ಮೀಟರಿನ ಕೋಣೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಬಹಳ ಹೊತ್ತು ನನಗೆ ನಿದ್ದೆ ಹತ್ತಲಿಲ್ಲ. ಎರಡು ರಾತ್ರಿ ಕೂತು ಕತ್ತರಿಸಿ ಅಂಟಿಸಿದ ಕೋಣೆಯ ಪುಟ್ಟ ಮಾಡೆಲನ್ನು, ಆರ್ಕಿಟೆಕ್ಚರ್ ಕಾಲೇಜಿನಲ್ಲಿ ನಿಮ್ಮ ಕೆಲಸವನ್ನು ವಿಮರ್ಶಿಸುವ ಜ್ಯೂರಿಯಲ್ಲಿದ್ದವರೊಬ್ಬರು ಕೈಗೆತ್ತಿಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು, "ಇಲ್ಲಿ ಕೂತು ಓದುವವರಿಗೆ ಈ ಕಿಟಕಿಯಿಂದ ಏನು ಕಾಣುತ್ತದೆ?" ಎಂದು ಕೇಳಿದಾಗ ನಿನ್ನ ಬಾಯಿಂದ ಮಾತೇ ಹೊರಡಲಿಲ್ಲವೆಂದು ಹೇಳಿದೆ. "ನನಗೆ ಡಿಸೈನ್ ಬರುವುದಿಲ್ಲ ಅಮ್ಮಾ" ಎಂದು ಅತ್ತೆ. ಆಗ ನಾನು ಸಮಾಧಾನದ ಎರಡು ಮಾತು ಆಡಿದೆನಾದರೂ, ನಿನಗೆ ಬೇಕಾಗಿರುವುದು ಸಮಾಧಾನವಲ್ಲ ಎಂಬುದು ಆಮೇಲೆ ಹೊಳೆಯಿತು. ಇಪ್ಪತ್ತೆರಡು ವರ್ಷ ಬೇರೆಯವರು ವಿನ್ಯಾಸ ಮಾಡಿದ ಕಟ್ಟಡಗಳಿಗೆ ನಕ್ಷೆ ಬರೆದವಳು ನಾನು. ವಿನ್ಯಾಸ ಕಲಿಸುವ ಅಧಿಕಾರ ನನಗಿಲ್ಲ. ಆದರೆ ಒಂದು ಗೆರೆ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಕೈಯಾರೆ ಕಲಿತಿದ್ದೇನೆ.

ನೀನು ಕಳುಹಿಸಿದ ಹಾಳೆಗಳ ಫೋಟೊಗಳನ್ನು ಮತ್ತೆ ಮತ್ತೆ ನೋಡಿದೆ. ಒಬ್ಬರೇ ಕುಳಿತು ಓದಲು ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಕೋಣೆ. ಮೊದಲ ಸೆಮಿಸ್ಟರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇರಲಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಷ್ಟು ಚಿಕ್ಕ ಜಾಗದಲ್ಲಿ ತಪ್ಪು ಅಡಗಿಕೊಳ್ಳಲು ಮೂಲೆಯೇ ಇರುವುದಿಲ್ಲ. ನೀನು ಕಿಟಕಿಯ ಕೆಳ ಅಂಚನ್ನು ನೆಲದಿಂದ 1.5 ಮೀಟರ್ ಎತ್ತರದಲ್ಲಿ ಇಟ್ಟಿದ್ದೀಯ. ಎಲಿವೇಶನ್ನಿನಲ್ಲಿ, ಅಂದರೆ ಗೋಡೆಯನ್ನು ನೇರ ಎದುರಿನಿಂದ ಕಂಡಂತೆ ಬರೆದ ಚಿತ್ರದಲ್ಲಿ, ಅದು ಚೆನ್ನಾಗಿಯೇ ಕಾಣುತ್ತದೆ. ಗೋಡೆಯ ಮೇಲರ್ಧದಲ್ಲಿ ಅಡ್ಡಲಾಗಿ ಮಲಗಿದ ಉದ್ದನೆಯ ಸೀಳು, ಕೆಳಗೆ ಖಾಲಿ ಗೋಡೆ. ಆದರೆ ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಹಾಗಾಗಿ ನಿನ್ನ ಕೋಣೆಯಲ್ಲಿ ಓದುತ್ತಾ ತಲೆಯೆತ್ತಿದವರಿಗೆ ಆಕಾಶವಲ್ಲದೆ ಬೇರೇನೂ ಕಾಣುವುದಿಲ್ಲ. ಆಕಾಶ ಮಾತ್ರ ಕಾಣಲಿ ಎಂದು ನೀನು ಬಯಸಿ ಮಾಡಿದ್ದರೆ ಅದು ಸೊಗಸಾದ ವಿಚಾರವೇ ಆಗುತ್ತಿತ್ತು. ಕೇಳಿದವರಿಗೆ ತಿಳಿಯಬೇಕಾಗಿದ್ದುದು ಅಷ್ಟೇ: ನೀನು ಬಯಸಿದೆಯೋ, ಅಥವಾ ಅದು ತಾನಾಗಿ ಆಯಿತೋ.

ಪ್ಲಾನ್ ಸರಿಯಾಗಿಯೇ ಇತ್ತಲ್ಲ ಎಂದು ನೀನು ಕೇಳಿದೆ. ಇಲ್ಲೇ ನಿನ್ನ ತೊಡಕಿನ ಬೇರು ಇದೆ ಎಂದು ನನಗನ್ನಿಸುತ್ತದೆ. ಪ್ಲಾನ್ ಎಂದರೆ ಮೇಲಿನಿಂದ ಕಂಡ ನೋಟವಲ್ಲ. ಕಟ್ಟಡವನ್ನು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕೊಯ್ದು, ಮೇಲಿನ ಭಾಗವನ್ನು ಎತ್ತಿಟ್ಟು, ಉಳಿದದ್ದನ್ನು ನೋಡಿದಂತೆ ಬರೆಯುವ ಚಿತ್ರ. ನಿನ್ನ ಕಿಟಕಿ ಆ ಕೊಯ್ತಕ್ಕಿಂತ ಮೇಲಿರುವುದರಿಂದ ಪ್ಲಾನಿನಲ್ಲಿ ಅಲ್ಲಿ ಅಖಂಡವಾದ ಗೋಡೆಯಿರುತ್ತದೆ, ಕಿಟಕಿ ಬರೀ ತುಂಡುಗೆರೆಯಾಗಿ ಬರುತ್ತದೆ. ಅಂದರೆ ನಿನ್ನ ಕೋಣೆಯ ಅತಿ ಮುಖ್ಯವಾದ ಸಂಗತಿಯೇ ಪ್ಲಾನಿನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹೇಳಬಲ್ಲದ್ದು ಸೆಕ್ಷನ್ ಒಂದೇ, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಗೆ ನೇರವಾಗಿ ಕೊಯ್ದು ಪಕ್ಕದಿಂದ ನೋಡಿದಂತೆ ಬರೆಯುವ ಚಿತ್ರ. ನೀನು ಅದನ್ನು ಎಲ್ಲಕ್ಕಿಂತ ಕೊನೆಗೆ, ಸಲ್ಲಿಸಬೇಕಾದ ಹಾಳೆಗಳ ಪಟ್ಟಿಯಲ್ಲಿ ಇದೆಯೆಂಬ ಕಾರಣಕ್ಕೆ, ಕಿಟಕಿಯೇ ಇಲ್ಲದ ಕಡೆ ಕೊಯ್ದು ಬರೆದಿದ್ದೀಯ.

ಇದನ್ನು ನಿನಗೆ ಗಟ್ಟಿಯಾಗಿ ಹೇಳಲು ನನಗೆ ಕಾರಣವಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನೊಂದು ಮನೆಯ ಮೆಟ್ಟಿಲಿನ ನಕ್ಷೆ ಬರೆದೆ. ಪ್ಲಾನಿನಲ್ಲಿ ಪ್ರತಿ ಮೆಟ್ಟಿಲೂ ಅಳತೆಗೆ ಸರಿಯಾಗಿತ್ತು, ಬಾಣದ ಗುರುತೂ ಸರಿಯಾಗಿತ್ತು. ಆದರೆ ಮೆಟ್ಟಿಲಿನ ಮೇಲೆ ಹಾದುಹೋಗುವ ತೊಲೆಯ ಮೂಲಕ ಸೆಕ್ಷನ್ ತೆಗೆದು ನಾನು ನೋಡಿರಲಿಲ್ಲ. ಕಾಂಕ್ರೀಟ್ ಹಾಕಿಯಾದ ಮೇಲೆ ಮೇಸ್ತ್ರಿ ಮೊದಲ ಸಲ ಹತ್ತುವಾಗ ತಲೆ ಬಗ್ಗಿಸಬೇಕಾಯಿತು. ಮೆಟ್ಟಿಲಿಗೂ ತೊಲೆಗೂ ನಡುವೆ 2.1 ಮೀಟರಾದರೂ ಇರಬೇಕಾಗಿದ್ದಲ್ಲಿ 1.7 ಮೀಟರ್ ಮಾತ್ರ ಉಳಿದಿತ್ತು. ಹಾಕಿದ ಮೆಟ್ಟಿಲನ್ನೆಲ್ಲ ಒಡೆದು, ಮೂರು ಮೆಟ್ಟಿಲಿನಷ್ಟು ಆಚೆ ಸರಿಸಿ ಮತ್ತೆ ಕಟ್ಟಿದರು. ಆ ಒಡೆಯುವ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅರ್ಧ ಗಂಟೆಯ ಒಂದು ಸೆಕ್ಷನ್ ಅದನ್ನು ತಪ್ಪಿಸಬಹುದಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಪ್ಲಾನ್ ಅರ್ಧ ಮೂಡುವಷ್ಟರಲ್ಲೇ ಪಕ್ಕದಲ್ಲಿ ಸೆಕ್ಷನ್ ಶುರು ಮಾಡದೆ ನಾನು ಮುಂದೆ ಹೋದದ್ದಿಲ್ಲ.

ಹಾಗೆಂದು ಸೆಕ್ಷನ್ ಎಂಬುದು ತಪ್ಪು ಹಿಡಿಯುವ ಸಾಧನ ಮಾತ್ರ ಎಂದು ತಿಳಿಯಬೇಡ. ಅದರಲ್ಲಿ ಒಬ್ಬ ಮನುಷ್ಯನನ್ನು ಕೂರಿಸು. 1:50 ಪ್ರಮಾಣದಲ್ಲಿ, ಅಂದರೆ ನಿಜದ ಐವತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಕೂರುವ ಜಾಗದ ಎತ್ತರ 9 ಮಿ.ಮೀ., ಕಣ್ಣಿನ ಎತ್ತರ 24 ಮಿ.ಮೀ. ಆ ಕಣ್ಣಿನಿಂದ ಕಿಟಕಿಯ ಕೆಳ ಅಂಚಿಗೆ ಒಂದು ಗೆರೆ, ಮೇಲಂಚಿಗೆ ಇನ್ನೊಂದು ಗೆರೆ ಎಳೆದರೆ ಅವೆರಡರ ನಡುವೆ ಇರುವುದೇ ಅವರಿಗೆ ಕಾಣುವ ಹೊರಜಗತ್ತು. ಅಂಚನ್ನು ಸ್ವಲ್ಪ ಇಳಿಸು, ಗೋಡೆಯನ್ನು ಸ್ವಲ್ಪ ದಪ್ಪ ಮಾಡು, ಕೂರುವ ಜಾಗವನ್ನು ಕಿಟಕಿಯ ಹತ್ತಿರಕ್ಕೆ ತಂದು ನೋಡು. ಪ್ರತಿ ಬದಲಾವಣೆಗೂ ಹಳೆಯದನ್ನು ಅಳಿಸದೆ ಮೇಲೊಂದು ಟ್ರೇಸಿಂಗ್ ಹಾಳೆ ಹಾಸಿ ಬರೆಯುತ್ತಾ ಹೋದರೆ, ಸಂಜೆಯ ಹೊತ್ತಿಗೆ ನಿನ್ನ ಮುಂದೆ ಹತ್ತು ಹಾಳೆಗಳಿರುತ್ತವೆ, ಮತ್ತು ಮೂರನೆಯದು ಏಳನೆಯದಕ್ಕಿಂತ ಏಕೆ ಮೇಲು ಎಂದು ನೀನು ಹೇಳಬಲ್ಲವಳಾಗಿರುತ್ತೀಯ. ನೀನು "ಬರುವುದಿಲ್ಲ" ಎಂದ ಡಿಸೈನ್ ಇದೇ. ಮೊದಲು ತಲೆಯಲ್ಲಿ ಪೂರ್ತಿ ಹೊಳೆದು ಆಮೇಲೆ ಹಾಳೆಗೆ ಇಳಿಯುತ್ತದೆ ಎಂದುಕೊಂಡು ನೀನು ಖಾಲಿ ಹಾಳೆಯ ಮುಂದೆ ಕಾಯುತ್ತಿದ್ದೆ. ಅದು ಹಾಳೆಯ ಮೇಲೆಯೇ ಹುಟ್ಟುತ್ತದೆ.

ಗೆರೆಯ ತೂಕದ ಬಗ್ಗೆಯೂ ಒಂದು ಮಾತು. ನಿನ್ನ ಹಾಳೆಗಳಲ್ಲಿ ಎಲ್ಲ ಗೆರೆಗಳೂ ಒಂದೇ ದಪ್ಪ ಇವೆ, ಆದ್ದರಿಂದ ನೋಡುವವರಿಗೆ ಯಾವುದು ಕೊಯ್ದ ಗೋಡೆ, ಯಾವುದು ಅದರ ಹಿಂದೆ ಕಾಣುವ ಮೇಜಿನ ಅಂಚು ಎಂಬುದು ತಿಳಿಯುವುದಿಲ್ಲ. ಮೊದಲು 2ಎಚ್ ಪೆನ್ಸಿಲಿನಲ್ಲಿ ಕಂಡೂ ಕಾಣದ ಹಾಗೆ ಕಟ್ಟುಗೆರೆಗಳನ್ನು ಎಳೆದುಕೊ. ಹಿಂದೆ ಕಾಣುವುದನ್ನು ಎಚ್‌ಬಿಯಲ್ಲಿ ಬರೆ. ಕೊಯ್ದದ್ದನ್ನು ಮಾತ್ರ 2ಬಿಯಲ್ಲಿ, ಕೈ ಊರಿ, ಕಪ್ಪಾಗಿ ಬರೆ. ಪೆನ್ಸಿಲನ್ನು ತಳ್ಳಬೇಡ, ಎಳೆ. ಎಳೆಯುವಾಗ ಬೆರಳುಗಳ ನಡುವೆ ನಿಧಾನವಾಗಿ ಹೊರಳಿಸುತ್ತಾ ಹೋದರೆ ಮೊನೆ ಒಂದೇ ಕಡೆ ಸವೆಯದೆ ಗೆರೆ ಕೊನೆಯವರೆಗೂ ಒಂದೇ ಸಮ ಬರುತ್ತದೆ. ಕಂಪ್ಯೂಟರಿನಲ್ಲಿ ಬರೆಯುವ ಕಾಲಕ್ಕೆ ಇದೆಲ್ಲ ಏಕೆ ಎಂದು ನಿನ್ನ ಗೆಳತಿಯರು ಕೇಳಬಹುದು. ಅಲ್ಲಿಯೂ ಪ್ರತಿ ಗೆರೆಗೆ ದಪ್ಪ ಕೊಡಬೇಕಾದವಳು ನೀನೇ.

ಇನ್ನು ಮಾಡೆಲ್. ನಿನ್ನ ಕೋಣೆಯ ಒಳಗೆ ಇಡಲು ಮಾಡಿದ ಬೆಂಚು ಒಳಗೆ ಹಿಡಿಸಲೇ ಇಲ್ಲ, ಕೊನೆಯ ಗಳಿಗೆಯಲ್ಲಿ ಕತ್ತರಿಸಿದೆ ಎಂದೆಯಲ್ಲ, ಅದರ ಕಾರಣ ಫೋಟೊದಲ್ಲೇ ಕಾಣುತ್ತದೆ. 1:50ರಲ್ಲಿ ಮೂರು ಮೀಟರ್ ಎಂದರೆ 60 ಮಿ.ಮೀ. ನೀನು ನಾಲ್ಕು ಗೋಡೆಗಳನ್ನೂ 60 ಮಿ.ಮೀ. ಕತ್ತರಿಸಿ, ಎರಡರ ನಡುವೆ ಎರಡನ್ನು ಸಿಕ್ಕಿಸಿದ್ದೀಯ. ಬೋರ್ಡಿನ ದಪ್ಪ 3 ಮಿ.ಮೀ. ಆಗ ಒಂದು ದಿಕ್ಕಿನಲ್ಲಿ ಒಳಅಳತೆ 60 ಇರುತ್ತದೆ, ಇನ್ನೊಂದು ದಿಕ್ಕಿನಲ್ಲಿ 60 ಇರಬೇಕಾದರೆ ಆಚೀಚೆಯ ಎರಡು ಗೋಡೆಗಳು 66 ಮಿ.ಮೀ. ಉದ್ದ ಇರಬೇಕಾಗಿತ್ತು. ಅವೂ 60 ಆದ್ದರಿಂದ ಒಳಗೆ 54 ಉಳಿಯಿತು. ಅಂದರೆ ನಿಜವಾದ ಕೋಣೆಯಲ್ಲಿ 30 ಸೆಂ.ಮೀ. ಮಾಯವಾಯಿತು. ಗೋಡೆಗೆ ದಪ್ಪವಿದೆ ಎಂಬುದನ್ನು ಪುಸ್ತಕದಲ್ಲಿ ಓದಿ ತಿಳಿಯುವುದು ಬೇರೆ, ಬೆಂಚು ಹಿಡಿಸದೆ ನಿಂತಾಗ ತಿಳಿಯುವುದು ಬೇರೆ. ಮುಂದಿನ ಸಲ ಕತ್ತರಿಸುವ ಮುನ್ನ ಬೋರ್ಡಿನ ಚೂರೊಂದನ್ನು ಪ್ಲಾನಿನ ಮೂಲೆಯ ಮೇಲೆ ನಿಲ್ಲಿಸಿ, ಯಾವ ಗೋಡೆ ಯಾವುದರ ಮುಂದೆ ಹಾದುಹೋಗುತ್ತದೆ ಎಂದು ಗುರುತು ಹಾಕಿಕೊ.

ಕತ್ತರಿಸುವಾಗ ಬಲ ಹಾಕಬೇಡ. ನಿನ್ನ ಎಡಗೈ ಹೆಬ್ಬೆರಳಿನ ಗಾಯವನ್ನು ವೀಡಿಯೊ ಕರೆಯಲ್ಲಿ ನೀನು ಮರೆಮಾಡಿದರೂ ನಾನು ನೋಡಿದೆ. ಉಕ್ಕಿನ ಸ್ಕೇಲನ್ನು ಬೆರಳುಗಳು ಅಂಚಿಗಿಂತ ಹಿಂದೆ ಇರುವ ಹಾಗೆ ಒತ್ತಿ ಹಿಡಿದು, ಮೊದಲ ಸಲ ಬರೀ ಗೀಚಿದಂತೆ, ಆಮೇಲೆ ಅದೇ ಜಾಡಿನಲ್ಲಿ ಮೂರೋ ನಾಲ್ಕೋ ಸಲ ಎಳೆದರೆ ಬೋರ್ಡು ತಾನಾಗಿ ಬಿಟ್ಟುಕೊಡುತ್ತದೆ. ಅಂಚು ಜೂಲುಜೂಲಾಗಿ ಬರತೊಡಗಿತೆಂದರೆ ಬ್ಲೇಡು ಮೊಂಡಾಗಿದೆ ಎಂದರ್ಥ. ಮೊಂಡು ಬ್ಲೇಡಿಗೇ ಹೆಚ್ಚು ಬಲ ಬೇಕಾಗುತ್ತದೆ, ಬಲ ಹಾಕಿದಾಗಲೇ ಕೈ ಜಾರುತ್ತದೆ. ನಡುರಾತ್ರಿ ಕಳೆದ ಮೇಲೆ ಕಟ್ಟರ್ ಹಿಡಿಯಬೇಡ ಎಂದು ಅಮ್ಮನಾಗಿ ಕೇಳಿಕೊಳ್ಳುತ್ತೇನೆ.

ಆದರೆ ಅಚ್ಚುಕಟ್ಟಾದ ಅಂಚಿಗಿಂತ ದೊಡ್ಡ ವಿಷಯವೆಂದರೆ, ಮಾಡೆಲನ್ನು ನೀನು ಏನು ಕೇಳುತ್ತಿದ್ದೀಯ ಎಂಬುದು. ನಿನ್ನದು ಕೇಳುವ ಮಾಡೆಲ್ ಆಗಿರಲಿಲ್ಲ, ತೋರಿಸುವ ಮಾಡೆಲ್ ಆಗಿತ್ತು. ಇಟಲಿಯ ಫ್ಲಾರೆನ್ಸಿನ ದೊಡ್ಡ ಗುಮ್ಮಟವನ್ನು ಕಟ್ಟಿಸಿದ ಬ್ರೂನೆಲ್ಲೆಸ್ಕಿ, ಕಲ್ಲುಗಳು ಒಂದಕ್ಕೊಂದು ಹೇಗೆ ಕೂರಬೇಕೆಂದು ಕಲ್ಲುಕುಟಿಗರಿಗೆ ತಿಳಿಸಲು ಟರ್ನಿಪ್ ಗಡ್ಡೆಯನ್ನೇ ಕೆತ್ತಿ ತೋರಿಸುತ್ತಿದ್ದನೆಂದು ಹಳೆಯ ಚರಿತ್ರಕಾರರು ಬರೆದಿಟ್ಟಿದ್ದಾರೆ. ಆ ಗುಮ್ಮಟ 1436ರಲ್ಲಿ ಮುಗಿಯಿತು, ಇಂದಿಗೂ ನಿಂತಿದೆ. ಇನ್ನೊಂದು ಉದಾಹರಣೆ ನನಗೆ ಅದಕ್ಕಿಂತಲೂ ಇಷ್ಟ. ಸ್ಪೇನಿನ ಬಾರ್ಸಿಲೋನಾದ ಸಮೀಪದ ಕೊಲೊನಿಯಾ ಗ್ವೆಲ್ ಎಂಬಲ್ಲಿ ಒಂದು ಚರ್ಚಿನ ವಿನ್ಯಾಸಕ್ಕಾಗಿ ವಾಸ್ತುಶಿಲ್ಪಿ ಆಂಟೊನಿ ಗೌಡಿ 1:10 ಪ್ರಮಾಣದಲ್ಲಿ ದಾರಗಳನ್ನು ಮಾಡಿನಿಂದ ಇಳಿಬಿಟ್ಟು, ಅವುಗಳಿಗೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ತೂಗುಹಾಕಿದ್ದ. ತೂಗುವ ದಾರ ತನ್ನ ಭಾರಕ್ಕೆ ತಕ್ಕ ಬಾಗನ್ನು ತಾನೇ ಕಂಡುಕೊಳ್ಳುತ್ತದೆ. ಅದನ್ನು ತಲೆಕೆಳಗು ಮಾಡಿದರೆ ಕಲ್ಲಿನ ಕಮಾನಿಗೆ ಬೇಕಾದ ಬಾಗು ಸಿಗುತ್ತದೆ. ಒಂದು ಚೀಲದ ತೂಕ ಬದಲಿಸಿದರೆ ಇಡೀ ಜಾಲವೇ ಸರಿದುಕೊಂಡು ಹೊಸ ಉತ್ತರ ಕೊಡುತ್ತಿತ್ತು. ಈ ಕೆಲಸ ಸುಮಾರು ಹತ್ತು ವರ್ಷ ನಡೆಯಿತು. ಆ ಚರ್ಚಿನ ಕೆಳಭಾಗ ಮಾತ್ರ ಕಟ್ಟಲ್ಪಟ್ಟಿತು, ಆದರೂ ದಾರಗಳಿಂದ ಆತ ಕಲಿತದ್ದು ನಷ್ಟವಾಗಲಿಲ್ಲ.

ಎಲ್ಲ ಮಾಡೆಲೂ ಎಲ್ಲ ಪ್ರಶ್ನೆಗೂ ಉತ್ತರಿಸುವುದಿಲ್ಲ ಎಂಬುದನ್ನೂ ನೆನಪಿಡು. ನಿನ್ನ ರಟ್ಟಿನ ಕೋಣೆ ಗಟ್ಟಿಯಾಗಿ ನಿಂತಿದೆ ಎಂದಮಾತ್ರಕ್ಕೆ ನಿಜವಾದ ಕೋಣೆ ನಿಲ್ಲುತ್ತದೆ ಎನ್ನಲಾಗದು. ಅದನ್ನು ಐವತ್ತು ಪಟ್ಟು ಹಿಗ್ಗಿಸಿದರೆ ಗೋಡೆಯ ಅಡ್ಡಕೊಯ್ತ 2,500 ಪಟ್ಟು ಹೆಚ್ಚುತ್ತದೆ, ತೂಕವೋ 1,25,000 ಪಟ್ಟು. ಹಾಗಾಗಿ ಗೋಡೆಯ ಪ್ರತಿ ಚದರ ಅಂಗುಲವೂ ಐವತ್ತು ಪಟ್ಟು ಹೆಚ್ಚು ಭಾರ ಹೊರಬೇಕಾಗುತ್ತದೆ. ಗೆಲಿಲಿಯೊ 1638ರಲ್ಲೇ ಇದನ್ನು ವಿವರಿಸಿದ್ದ. ಆದರೆ ಬೆಳಕಿನ ವಿಷಯದಲ್ಲಿ ಹಾಗಲ್ಲ. ಬೆಳಕು ಬೀಳುವ ಕೋನಕ್ಕೆ ಪ್ರಮಾಣದ ಹಂಗಿಲ್ಲ, 60 ಮಿ.ಮೀ. ಕೋಣೆಯೊಳಗೆ ಬಿಸಿಲು ಎಲ್ಲಿ ಬೀಳುತ್ತದೆಯೋ ಮೂರು ಮೀಟರಿನ ಕೋಣೆಯಲ್ಲೂ ಅಲ್ಲಿಯೇ ಬೀಳುತ್ತದೆ. ಆದ್ದರಿಂದ ನಿನ್ನ ಮಾಡೆಲನ್ನು ಉತ್ತರ ದಿಕ್ಕು ಸರಿಯಾಗಿ ಕೂರುವಂತೆ ಬಿಸಿಲಿನಲ್ಲಿಟ್ಟು, ಬಾಗಿಲಿಗೆ ಫೋನಿನ ಕ್ಯಾಮೆರಾ ಹಿಡಿದು, ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಚಿತ್ರ ತೆಗೆ. ಓದುವವರ ಪುಟದ ಮೇಲೆ ನೇರ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತದೆಯೇ, ಗೋಡೆಗೆ ತಾಗಿ ಹದವಾಗಿ ಬರುತ್ತದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಇದಕ್ಕೆ ಅಂಟು ಹಾಕಿದ, ಅಂಚು ಉಜ್ಜಿದ ಮಾಡೆಲ್ ಬೇಕಿಲ್ಲ. ಹಳೆಯ ಪೆಟ್ಟಿಗೆಯ ರಟ್ಟು, ನಾಲ್ಕು ಗುಂಡುಸೂಜಿ ಸಾಕು. ಬೆಳಕು ಒಳಹೊಗುವ ಗೋಡೆಯನ್ನು ಮಾತ್ರ ಅಂಟಿಸದೆ ಬಿಡು, ಆಗ ಒಂದೇ ಕೋಣೆಗೆ ಐದು ಬೇರೆ ಗೋಡೆಗಳನ್ನು ಮಾಡಿ ಒಂದಾದ ಮೇಲೊಂದು ಸಿಕ್ಕಿಸಿ ನೋಡಬಹುದು. ಪ್ರತಿಯೊಂದರ ಬೆನ್ನ ಮೇಲೆ ಅದು ಯಾವ ಪ್ರಶ್ನೆಗಾಗಿ ಮಾಡಿದ್ದು ಎಂದು ಪೆನ್ಸಿಲಿನಲ್ಲಿ ಬರೆದಿಡು.

ಹಳೆಯ ಮಾಡೆಲನ್ನು ಸಿಟ್ಟಿನಿಂದ ಕಸದ ಬುಟ್ಟಿಗೆ ಹಾಕಿದೆ ಎಂದೆ. ಇನ್ನೂ ಅಲ್ಲೇ ಇದ್ದರೆ ದಯವಿಟ್ಟು ಎತ್ತಿಕೊ. ಅದರ ಗೋಡೆಯೊಂದನ್ನು ಬಿಡಿಸಿದರೆ ನಿನಗೆ ಸಿದ್ಧವಾದ ಸೆಕ್ಷನ್ನೇ ಸಿಗುತ್ತದೆ. ರಜೆಗೆ ಬರುವಾಗ ಅದನ್ನೂ, ಐದು ರಟ್ಟಿನ ಗೋಡೆಗಳನ್ನೂ ತೆಗೆದುಕೊಂಡು ಬಾ. ನನ್ನ ಹಳೆಯ ಡ್ರಾಯಿಂಗ್ ಬೋರ್ಡಿನ ಮೇಲಿನ ಕಪಾಟನ್ನು ನಿನ್ನೆ ಖಾಲಿ ಮಾಡಿದ್ದೇನೆ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡುವೆಯಾ? ಈಗ ನೀನಿರುವ ಹಾಸ್ಟೆಲ್ ಕೋಣೆಯನ್ನೇ ಟೇಪು ಹಿಡಿದು ಅಳೆ. ನಾಲ್ಕು ಗೋಡೆಗಳ ಜೊತೆಗೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದುಕೊ, ಎದುರುಬದುರು ಗೋಡೆಗಳು ಸಮನಾಗಿದ್ದೂ ಕರ್ಣಗಳು ಸಮ ಬಾರದಿದ್ದರೆ ಕೋಣೆ ಮೂಲೆಮಟ್ಟಕ್ಕಿಲ್ಲ ಎಂದು ತಿಳಿ. ನೀನು ಓದಲು ಕೂರುವ ಜಾಗದ ಮತ್ತು ಅದರ ಎದುರಿನ ಕಿಟಕಿಯ ಮೂಲಕ 1:50ರಲ್ಲಿ ಒಂದು ಸೆಕ್ಷನ್ ಬರೆದು, ಅದರಲ್ಲಿ ನಿನ್ನನ್ನು ಕೂರಿಸಿ, ನನಗೆ ಕಳುಹಿಸು. ಕೊಯ್ತದ ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಪ್ಲಾನಿನಲ್ಲಿ ಗುರುತಿಸುವುದನ್ನು ಮಾತ್ರ ಮರೆಯಬೇಡ.

ನಿನ್ನ ಪ್ರೀತಿಯ
ಅಮ್ಮ